ಹಲ್ಲು ಎಣಿಸುವ ಭಾವ

ಇದನ್ನು ಬರೆಯೋಣವೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಕಾಫಿಯ ನೆಪದಲ್ಲಿ ಎದ್ದುಹೋಗಿದ್ದೇನೆ. ಇವತ್ತು ಕಾಫಿ ಮೊದಲೇ ಕುಡಿದಾಗಿದೆ.

ನನ್ನ ಭಾವನ ಎದುರು ಯಾವ ಮಗುವೂ ಬಾಯಿ ತೆರೆದು ನಗುವಂತಿರಲಿಲ್ಲ. ನಕ್ಕರೆ ಹಲ್ಲು ಎಣಿಸಿಬಿಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ಅವರು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಅದೇ ಶಾಲೆಯಲ್ಲಿ ನಾನು ಗುಮಾಸ್ತ. ಎಲ್ಲರ ಜೇಬಿನಲ್ಲಿ ಪೆನ್ನಿದ್ದರೆ ಅವರ ಜೇಬಿನಲ್ಲಿ ದರ್ಜಿಯ ಟೇಪು. ಬಸವನಗುಡಿಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಗೆ ಕಾಯುತ್ತಿದ್ದ ಮಕ್ಕಳನ್ನೆಲ್ಲ ಕಂಬಕ್ಕೆ ಒರಗಿಸಿ ಅಳೆದು, "ಆ ಅನ್ನು" ಎಂದು ಬಾಯಿ ತೆರೆಸುತ್ತಿದ್ದರು. ಗಂಡಿನ ಸೋದರಮಾವ ನನ್ನ ಹತ್ತಿರ ಬಂದು, "ಯಾರ್ರೀ ಇವರು, ಟೈಲರೋ ಡೆಂಟಿಸ್ಟೋ?" ಅಂದರು. "ಗೊತ್ತಿಲ್ಲ, ಹೆಣ್ಣಿನ ಕಡೆಯವರಿರಬೇಕು" ಅಂದೆ. ನಾವೇ ಹೆಣ್ಣಿನ ಕಡೆಯವರು.

ಮನೆಯಲ್ಲೂ ಅದೇ ಕಥೆ. ಬೀದಿಯ ಮಕ್ಕಳ ಎತ್ತರವೆಲ್ಲ ನಡುಮನೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ.

"ಬಾಡಿಗೆ ಮನೆ ಕಣ್ರೀ, ಓನರ್ ಏನಂತಾರೆ?" ಎಂದು ಅಕ್ಕ ಗೊಣಗುತ್ತಿದ್ದಳು.

"ಅವರ ಮೊಮ್ಮಗನದೂ ಇದೆ ತೋರಿಸು. ಹೋದ ವರ್ಷದಿಂದ ಒಂದಿಂಚೂ ಬೆಳೆದಿಲ್ಲ."

ಒಂದು ವರ್ಷ ಒಬ್ಬ ಡಾಕ್ಟರಮ್ಮ ಶಾಲೆಗೆ ಒಂದು ಪಟ್ಟಿ ಕೊಟ್ಟುಹೋದರು. ಇಷ್ಟು ವಯಸ್ಸಿಗೆ ಇಷ್ಟು ಎತ್ತರ, ಇಷ್ಟು ತೂಕ ಇರಬೇಕು. ಅದಕ್ಕಿಂತ ಕಡಿಮೆ ಇದ್ದ ಮಕ್ಕಳಿಗೆ ದಿನಾ ಹಾಲು, ಕಡಲೆಬೀಜದ ಉಂಡೆ. ಭಾವನಿಗೆ ಹಬ್ಬ. ತೂಕದ ಯಂತ್ರ ಇರಲಿಲ್ಲ, ಮಾರ್ಕೆಟ್ಟಿನ ಈರುಳ್ಳಿ ಮಂಡಿಯಿಂದ ದೊಡ್ಡ ತಕ್ಕಡಿ ತಂದರು. ತರಕಾರಿಯವನ ಮಗನೊಬ್ಬ ತಟ್ಟೆಯಲ್ಲಿ ಚಕ್ಕಳಮಕ್ಕಳ ಕೂತು, "ಸಾರ್, ಮುಳ್ಳು ಸರಿಯಾಗಿ ನೋಡಿ. ತೂಕದಲ್ಲಿ ಎಲ್ರೂ ಮೋಸ ಮಾಡ್ತಾರಂತೆ, ನಮ್ಮಪ್ಪ ಹೇಳವ್ರೆ" ಅಂದ.

ಆದರೆ ಮೋಸ ಇದ್ದದ್ದು ತಕ್ಕಡಿಯಲ್ಲಲ್ಲ, ನನ್ನ ದಾಖಲಾತಿ ಪುಸ್ತಕದಲ್ಲಿ. ನಮ್ಮ ಶಾಲೆಯ ಮುಕ್ಕಾಲು ಪಾಲು ಮಕ್ಕಳು ಹುಟ್ಟಿದ್ದು ಜೂನ್ ಒಂದನೇ ತಾರೀಕು! ತಾಯಂದಿರಿಗೆ ತಾರೀಕು ನೆನಪಿರುತ್ತಿರಲಿಲ್ಲ. ನಾನು ಮಗುವನ್ನು ಮೇಲಿಂದ ಕೆಳಗೆ ನೋಡಿ ಒಂದು ವಯಸ್ಸು ಬರೆದುಬಿಡುತ್ತಿದ್ದೆ. ಎಲ್ಲ ಶಾಲೆಗಳಲ್ಲೂ ಹಾಗೇ ನಡೆಯುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಭಾವ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕರಕೊಂಡು ಆಫೀಸಿಗೆ ಬಂದರು. ಹೂ ಮಾರುವವಳ ಮಗಳು.

"ನಿನ್ನ ಪುಸ್ತಕದ ಲೆಕ್ಕಕ್ಕೆ ಇವಳಿಗೆ ಎಂಟು. ಎಂಟಕ್ಕೆ ಈ ಎತ್ತರ ಸರಿ, ಹಾಲಿಲ್ಲ. ಹಲ್ಲು ನೋಡಯ್ಯ, ಕೋರೆಹಲ್ಲಿನ ಪಕ್ಕದವೂ ಬಿದ್ದು ಹೊಸವು ಬಂದಿವೆ. ಹತ್ತು ಇವಳಿಗೆ."

"ಭಾವ, ಹಲ್ಲು ನೋಡಿ ವಯಸ್ಸು ಹೇಳೋದು ಎತ್ತಿನ ಸಂತೇಲಿ."

"ಒಂದನೇ ಕ್ಲಾಸಿಗೆ ಸೇರಿಸೋವಾಗ ಇವಳಮ್ಮ ಏನಂದಿದ್ದಳು?"

ನನಗೆ ನೆನಪಿತ್ತು. ಏಳು ತುಂಬಿದೆ ಅಂದಿದ್ದಳು. ಇಷ್ಟೇ ಇಷ್ಟಿದ್ದ ಮಗುವನ್ನು ನೋಡಿ ನಕ್ಕು, ಐದು ಎಂದು ಬರೆದಿದ್ದೆ. ಊಟವಿಲ್ಲದೆ ಕುಳ್ಳಗಾದವಳನ್ನು ನಾನು ಚಿಕ್ಕವಳನ್ನಾಗಿ ಮಾಡಿದ್ದೆ. ಈಗ ತಿದ್ದಿದರೆ ಎಲ್ಲ ಮಕ್ಕಳ ವಯಸ್ಸೂ ಕೆದಕುತ್ತಾರೆ, ನನ್ನ ಕೆಲಸಕ್ಕೇ ಕುತ್ತು.

"ನೆನಪಿಲ್ಲ" ಅಂದೆ. ಭಾವ ಹೆಡ್‌ಮಿಸ್ ಹತ್ತಿರ ಹೋದರು. ಅವರು ನನ್ನನ್ನು ಕರೆಸಿ ಕೇಳಿದಾಗ, "ನಮ್ಮ ಭಾವನಿಗೆ ಸ್ವಲ್ಪ ಮರುಳು ಮೇಡಂ, ಮದುವೆ ಮನೇಲೂ ಹಲ್ಲು ಎಣಿಸ್ತಾರೆ" ಅಂದೆ. ಅವರು ನಕ್ಕರು. ಮಾತು ಅಲ್ಲಿಗೇ ನಿಂತಿತು.

ಮಾರನೆಯ ದಿನ ಹುಡುಗಿ ಲೋಟ ಹಿಡಿದು ಹಾಲಿನ ಸಾಲಿನಲ್ಲಿ ನಿಂತಿದ್ದಳು. ಹಾಲು ಸಿಗುವವರ ಹೆಸರಿನ ಪಟ್ಟಿ ನನ್ನ ಕೈಯಲ್ಲಿತ್ತು. "ನಿನ್ನ ಹೆಸರಿಲ್ಲಮ್ಮ" ಅಂದೆ. ಅವಳು ಅಳಲಿಲ್ಲ. ಲೋಟವನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡು ಸಾಲಿನಿಂದ ಆಚೆ ಹೋದಳು. ದಸರಾ ರಜೆಯ ನಂತರ ಶಾಲೆಗೇ ಬರಲಿಲ್ಲ.

ಭಾವ ರಿಟೈರಾಗಿ ಬಹಳ ವರ್ಷಗಳ ಮೇಲೆ, ಹಾಸಿಗೆ ಹಿಡಿದಿದ್ದಾಗ, ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವರು ಬೊಚ್ಚು ಬಾಯಲ್ಲಿ ನಕ್ಕು, "ನನ್ನ ಹತ್ರ ಯಾಕಯ್ಯ? ನಾನು ಬೆಳೆಯೋಷ್ಟು ಬೆಳೆದಿದ್ದೆ. ಅವಳ ಹತ್ರ ಕೇಳು" ಅಂದರು.

ಕೇಳಿಲ್ಲ. ಈಗಲೂ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಕುಳ್ಳಗಿನ ಹೆಂಗಸರ ಮುಖ ನೋಡುತ್ತಾ ನಡೆಯುತ್ತೇನೆ. ಮೊಳ ಎಷ್ಟಮ್ಮ ಎಂದು ಕೇಳುತ್ತೇನೆ, ಹೆಸರು ಕೇಳಲು ಬಾಯಿ ಬರುವುದಿಲ್ಲ.

ಅವಳ ಹೆಸರು ಮಂಜುಳ.