ಅವಸರದಾಗ ಮಾರೋರು ಯಾರರ ಅದಾರೇನ್ರಿ?

ಇಪ್ಪತ್ತು ವರ್ಷ ಹೊಲಿಗೆ ಮಶೀನಿನ ಮುಂದೆ ಕುಳಿತಾಗ ನನಗೆ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಜಾಗ ಕೊಳ್ಳುತ್ತೇನೆಂದು ಹೊರಬಿದ್ದ ದಿನದಿಂದ ಮಾತ್ರ ವಾರಕ್ಕೊಂದು ಆಗುತ್ತಲೇ ಇದೆ. ನಾನು ಕರೆಯುವುದಿಲ್ಲ, ತಾವಾಗಿಯೇ ಬರುತ್ತವೆ.

ಅಣ್ಣಿಗೇರಿಯಲ್ಲಿ ನನ್ನದೊಂದು ಸಣ್ಣ ಟೇಲರಿಂಗ್ ಅಂಗಡಿ. ನಮ್ಮ ಯಜಮಾನರದು ಹಿಟ್ಟಿನ ಗಿರಣಿ. ಬ್ಲೌಸು, ಫಾಲು, ಪೀಕೋ ಅಂತ ಹೊಲಿದು ಕೂಡಿಸಿದ ದುಡ್ಡಿನಲ್ಲಿ ಬಂಗಾರ ಮಾಡಿಸು ಎಂದರು ಎಲ್ಲರೂ. ನಾನು ಒಲ್ಲೆ ಎಂದೆ. ಎಲ್ಲಾದರೂ ಒಂದು ಜಾಗದ ಕಾಗದದ ಮೇಲೆ ನನ್ನ ಹೆಸರು ನೋಡಬೇಕು ಎಂದೆ. ನನ್ನ ಮೈದುನ ನಕ್ಕ. "ವೈನಿ, ಜಂಪರಿನ ಅಳತಿ ಬ್ಯಾರೆ, ಜಾಗಾದ ಅಳತಿ ಬ್ಯಾರೆ." ಆ ನಗುವಿನ ಮೇಲೇ ನಾನು ಹಠಕ್ಕೆ ಬಿದ್ದದ್ದು.

ಫೋನಿನಲ್ಲಿ ಒಬ್ಬ ಸೂಟುಬೂಟಿನವ ವಿಡಿಯೊ ಮಾಡಿ ಹೇಳುತ್ತಿದ್ದ: ಆಸ್ತಿ ಹುಡುಕಬೇಡಿ, ಆಸ್ತಿ ಮಾರುವ ಅವಸರದಲ್ಲಿರುವ ಮನುಷ್ಯನನ್ನು ಹುಡುಕಿ. ಮಾತು ಸರಿ ಅನ್ನಿಸಿತು. ಹುಡುಕಲು ಹೊರಟೆ.

ಹುಲ್ಲು ಬೆಳೆದ ಮನೆ

ಅಂಗಳದಲ್ಲಿ ಹುಲ್ಲು ಬೆಳೆದು, ಬಾಗಿಲಿಗೆ ಕೀಲಿ ಬಿದ್ದ ಮನೆ ಕಂಡರೆ ಬಿಡಬೇಡಿ, ಅದರ ಮಾಲೀಕನಿಗೆ ಆ ಮನೆ ಬೇಡವಾಗಿದೆ ಅಂತ ಅರ್ಥ ಎಂದೂ ಆ ವಿಡಿಯೊದವ ಹೇಳಿದ್ದ. ನವಲಗುಂದದ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನನಗೆ ಅಂಥ ಮನೆ ಕಂಡೇಬಿಟ್ಟಿತು. ಸೊಂಟದೆತ್ತರ ಹುಲ್ಲು, ಬಾಗಿಲಿಗೆ ದೊಡ್ಡ ಕೀಲಿ. ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದು ಬಂದು, ಹುಲ್ಲಿನೊಳಗೆ ಹೊಕ್ಕು ಗೋಡೆ ಬಡಿದು ನೋಡುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಯಾರಬೇ ಅದು, ನಮ್ಮ ಮೇವ ತುಳ್ಯಾಕತ್ತಿದ್ದು?"

ಕೈಯಲ್ಲಿ ಕುಡಗೋಲು ಹಿಡಿದ ಒಬ್ಬ ಹೆಣ್ಣುಮಗಳು.

"ಮನಿ ಪಾಳ ಬಿದ್ದೈತಿ ಅಂತ ತಿಳದೆ ರೀ," ಎಂದೆ.

"ಪಾಳೇನ್ರಿ! ಎಮ್ಮಿ ಸಲುವಾಗಿ ದಿನಾ ನೀರ ಹಾಕಿ ಬೆಳಸೇನಿ."

"ಮತ್ತ ಕೀಲಿ ಯಾಕ ಹಾಕೀರಿ?"

"ಎಮ್ಮಿ ಒಳಗ ಐತಿ. ನಿಮ್ಮಂಥವ್ರು ತಿರಗತಾರಂತನ ಹಾಕೇನಿ."

ನಾನು ಬಂದ ಕಾರಣ ಹೇಳಿದೆ. ಆಕೆ ತುಸು ಮೆತ್ತಗಾದಳು. ಕುಡಗೋಲು ಕೆಳಗಿಳಿಸಿ, "ಮನಿ ಮಾರಂಗಿಲ್ರಿ ಅಕ್ಕಾರ. ಎಮ್ಮಿ ಬೇಕಂದ್ರ ಕೇಳ್ರಿ," ಎಂದಳು.

ಬರಿಗೈಲಿ ಹೋಗುವುದೇಕೆ ಅಂತ, "ಎಮ್ಮಿ ಎಷ್ಟಕ್ಕ ಕೊಡತೀರಿ?" ಎಂದೆ.

"ಅದನ್ನೂ ಮಾರಂಗಿಲ್ರಿ. ಕೇಳ್ರಿ ಅಂದೆ ಅಷ್ಟ."

ಏನೋ ಬರಾಕತ್ತೈತಿ

ಶಲವಡಿಯಲ್ಲಿ ಒಬ್ಬರು ಖುಲ್ಲಾ ಜಾಗ ಮಾರುತ್ತಾರೆಂದು ನನ್ನ ಗಿರಾಕಿಯೊಬ್ಬಳು ಹೇಳಿದಳು. ಹೋಗಿ ಮಾತಾಡಿದೆ. ಮನುಷ್ಯನಿಗೆ ಖರೇನೇ ಅವಸರವಿತ್ತು. "ಬರೂ ವಾರ ಬರ್ರಿ, ಮುಗಸೂಣು," ಎಂದ. ಖುಷಿಯಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಬಸ್ಸಿಗೆ ಕಾಯುತ್ತ ಕಿರಾಣಿ ಅಂಗಡಿಯವನಿಗೂ ಕೇಳಿಬಿಟ್ಟೆ. "ಊರಾಗ ಅವಸರದಾಗ ಜಾಗಾ ಮಾರೋರು ಇನ್ನೂ ಯಾರರ ಅದಾರೇನ್ರಿ?"

ಅವನು ತಕ್ಕಡಿ ಕೆಳಗಿಟ್ಟ. "ಯಾಕ್ರಿ? ಏನ ಬರಾಕತ್ತೈತಿ?"

"ಏನೂ ಬರಾಕತ್ತಿಲ್ರಿ."

ಅವನು ಆಕಡೆ ಈಕಡೆ ನೋಡಿ, ದನಿ ಇಳಿಸಿ ಕೇಳಿದ. "ಹೇಳಬ್ಯಾಡ ಅಂದಾರೇನ್ರಿ?"

ಮುಂದಿನ ವಾರ ಹೋದರೆ ಜಾಗದವನು ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. "ನಾ ಈಗ ಮಾರಂಗಿಲ್ರಿ. ಬೈಪಾಸ್ ಬರಾಕತ್ತೈತಂತ." ಅವನ ಬಾಜೂ ಮನೆಯವನು ಬೈಪಾಸ್ ಅಲ್ಲ, ಸಕ್ಕರೆ ಫ್ಯಾಕ್ಟರಿ ಎಂದ. ಇನ್ನೊಬ್ಬ, ಎರಡೂ ಅಂತ ತನಗೆ ಪಕ್ಕಾ ಗೊತ್ತಿದೆ ಎಂದ. ಊರಲ್ಲಿ ಮಾರುವವರೆಲ್ಲ ಕೊಳ್ಳುವವರಾಗಿದ್ದರು.

ಬೇಜಾರಿನಿಂದ ಮನೆಗೆ ಬಂದೆ. ಸಂಜೆ ನನ್ನ ಮೈದುನ ಮನೆಗೆ ಬಂದು, ನನ್ನನ್ನು ಒಂದು ಕಡೆ ಕರೆದು, ಕಿವಿಯಲ್ಲಿ ಹೇಳಿದ. "ವೈನಿ, ಯಾರಿಗೂ ಹೇಳಬ್ಯಾಡ್ರಿ. ಶಲವಡ್ಯಾಗ ಏನೋ ದೊಡ್ಡದು ಬರಾಕತ್ತೈತಿ. ಯಾವಾಕೋ ಶಾಣ್ಯಾಕಿ ಮೊದಲ ಹೋಗಿ ಕೇಳಿ ಬಂದಾಳಂತ!"

ನನ್ನ ಜಾಣತನಕ್ಕೆ ಶಾಣ್ಯಾಕಿ ಎಂದನಲ್ಲ, ಅದೊಂದನ್ನು ಮಾತ್ರ ನಾನು ಎರಡು ಸಲ ಹೇಳಿಸಿದೆ.

ಎರೆ ಭೂಮಿಯ ಗುಣ

ಮೊರಬದಲ್ಲಿ ಒಬ್ಬರು ಮೂವತ್ತು ಅಡಿ ಅಗಲ, ನಾಲ್ವತ್ತು ಅಡಿ ಉದ್ದದ ಜಾಗ ತೋರಿಸಿದರು. ದರವೂ ಹೊಂದುವಂತಿತ್ತು. ಕೂಡ ಬಂದ ದಲಾಲ, "ನೋಡೂದೇನೈತ್ರಿ, ಸಂಚಗಾರ ಕೊಟ್ಟ ಬಿಡ್ರಿ," ಎಂದು ಮುಂಗಡಕ್ಕೆ ಕೈ ಚಾಚಿದ. ನಾನು ಚೀಲದಿಂದ ನನ್ನ ಟೇಪು ತೆಗೆದೆ.

ದಲಾಲ ನಕ್ಕ. "ಅಕ್ಕಾರ, ಅದಕ್ಕೇನ ಜಂಪರ್ ಹೊಲಸ್ತೀರೇನು?"

ಟೇಪು ಸಣ್ಣದು, ಜಾಗ ದೊಡ್ಡದು. ಆದರೆ ಇಪ್ಪತ್ತು ವರ್ಷದಲ್ಲಿ ಅರ್ಧ ಇಂಚು ತಪ್ಪದ ಕೈ ಇದು. ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಕೂತು, ಗೂಟ ಊರಿ ಊರಿ ಅಳೆದೆ. ಅಗಲ ಇಪ್ಪತ್ತೇಳೇ ಬಂತು. ಇನ್ನೊಮ್ಮೆ ಅಳೆದೆ. ಇಪ್ಪತ್ತೇಳೇ.

"ಮೂರ ಫೂಟ ಎಲ್ಲಿ ಹೋತ್ರಿ?" ಎಂದೆ.

ಮಾಲೀಕ ದಲಾಲನ ಮುಖ ನೋಡಿದ. ದಲಾಲ ನೆಲ ನೋಡಿದ. ಬೇಸಿಗೆಗೆ ಕಪ್ಪು ನೆಲವೆಲ್ಲ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ತಟ್ಟನೆ ಅವನ ಮುಖಕ್ಕೆ ಕಳೆ ಬಂತು.

"ಇದು ಎರಿ ಭೂಮಿ ಅಲ್ಲೇನ್ರಿ ಅಕ್ಕಾರ! ಬ್ಯಾಸಿಗ್ಯಾಗ ಕುಗ್ಗತೈತಿ. ಎರಡ ಮಳಿ ಆದ ಮ್ಯಾಲ ಬಂದ ಅಳೀರಿ, ಅಗದಿ ಮೂವತ್ತ ಬರತೈತಿ."

"ಹಂಗಾರ ಮಳಿ ಆದ ಮ್ಯಾಲ ಸಂಚಗಾರ ಕೊಡತೇನ್ರಿ," ಎಂದು ಟೇಪು ಸುತ್ತಿದೆ. "ನನ್ನ ರೊಕ್ಕಾನೂ ಬ್ಯಾಸಿಗ್ಯಾಗ ಕುಗ್ಗತೈತಿ."

ಈ ಸುದ್ದಿ ನಾನು ಊರು ಮುಟ್ಟುವ ಮೊದಲೇ ಮುಟ್ಟಿತ್ತು. ಅವತ್ತಿನಿಂದ ಮೈದುನ ಅಳತೆಯ ಮಾತು ಎತ್ತಲಿಲ್ಲ. ಅವನದೇ ಗೆಳೆಯರು ಇಬ್ಬರು ಜಾಗ ಅಳೆಯಲು ನನ್ನನ್ನೇ ಕರೆದೊಯ್ದರು.

ಸುಳ್ಳು ಹೇಳದ ಮಾಸ್ತರರು

ಕಡೆಗೆ ಅವಸರದವರು ಸಿಕ್ಕಿದ್ದು ನಮ್ಮದೇ ಊರಿನಲ್ಲಿ. ಉರ್ದು ಶಾಲೆಯ ನಿವೃತ್ತ ಮಾಸ್ತರರೊಬ್ಬರು ಹೊಸ ಮನೆ ಕಟ್ಟಿಸಿ ಅಲ್ಲಿಗೆ ಹೋಗಿದ್ದರು. ಹಳೆಯ ಎರಡು ಖೋಲಿಯ ಮನೆ ಹಾಗೇ ಉಳಿದಿತ್ತು. ಅವಸರ ಅವರದಲ್ಲ, ಅವರ ಹೆಂಡತಿಯದು. ಎರಡೆರಡು ಮನೆ ಕಸ ಹೊಡೆಯುವುದು ತನ್ನಿಂದಾಗದು, ಹಳೆಯದನ್ನು ಮಾರಿ, ಇಲ್ಲವೆ ಕಸಬರಿಗೆ ನೀವು ಹಿಡಿಯಿರಿ ಎಂದಿದ್ದರಂತೆ. ಮಾಸ್ತರರು ಮೂರು ದಿನ ಕಸಬರಿಗೆ ಹಿಡಿದು ನೋಡಿ ಮಾರಾಟಕ್ಕೆ ಬಂದಿದ್ದರು.

ಮನೆ ತೋರಿಸಲು ಬಾಗಿಲು ತೆರೆದವರೇ, "ಇದು ಮಳಿಗಾಲದಾಗ ಉಬ್ಬತೈತ್ರಿ, ಹೆಗಲ ಕೊಟ್ಟ ನೂಕಬೇಕು," ಎಂದರು. ಅಡುಗೆಮನೆಗೆ ಬಂದು, "ಇಲ್ಲಿ ಹೊಗಿ ಹೋಗಂಗಿಲ್ಲ." ಹಿತ್ತಲಿಗೆ ಬಂದು, "ಈ ಗ್ವಾಡಿ ವಾಲೇತಿ."

ನಾನು ದರ ಇಳಿಸಿ ಕೇಳಬೇಕೆಂದು ಮಾತು ಹೊಂದಿಸಿಕೊಂಡು ಹೋಗಿದ್ದೆ. ಒಂದೊಂದು ದೋಷ ಹೇಳಿದಾಗಲೂ ಅವರೇ ಇಳಿಸುತ್ತ ಹೋದರು. ನನಗೇ ಕೆಡುಕೆನಿಸಿ, "ಸಾಕ್ರಿ ಮಾಸ್ತರ, ಇನ್ನ ಹೇಳಬ್ಯಾಡ್ರಿ," ಎಂದೆ.

"ಇಲ್ರಿ ಬಾಯಾರ. ಮೂವತ್ತ ವರ್ಷ ಹುಡುಗ್ರಿಗೆ ಖರೇ ಮಾತಾಡ್ರಿ ಅಂತ ಹೇಳೇನಿ. ಈಗ ಮುಚ್ಚಿಟ್ಟ ಮನಿ ಮಾರಲೇನು? ಇನ್ನೊಂದೈತಿ." ದನಿ ಬಹಳ ಸಣ್ಣದು ಮಾಡಿದರು. "ಬಾಜೂ ಮನಿಯಾಕಿ ಸ್ವಲ್ಪ ಜಗಳಗಂಟಿ ರೀ."

ಗೋಡೆಯ ಆಚೆಯಿಂದ ಕೂಗು ಬಂತು. "ಯಾರ್ರೀ ಮಾಸ್ತರ ಜಗಳಗಂಟಿ? ಹೊರಗ ಬಂದ ಅನ್ರಿ ನೋಡೂಣು! ಇವತ್ತ ನಾನರ ಇರಬೇಕು, ನೀವರ ಇರಬೇಕು!"

ಮಾಸ್ತರರು ಎದೆಯ ಮೇಲೆ ಕೈಯಿಟ್ಟು, "ನೋಡಿದ್ರಿ? ನಾ ಸುಳ್ಳ ಹೇಳಂಗಿಲ್ಲ," ಎಂದರು.

ನಾನು ಅಲ್ಲೇ ಒಪ್ಪಿದೆ. ಇಂಥ ಮನುಷ್ಯ ಬರೆದುಕೊಡುವ ಕಾಗದಕ್ಕೆ ವಕೀಲರೂ ಬೇಡ.

ಸಾಕ್ಷಿ

ಖರೀದಿಯ ದಿನ ನಾನೇ ಹೊಲಿದ ಹೊಸ ಜಂಪರು ಹಾಕಿಕೊಂಡು ನೋಂದಣಿ ಕಚೇರಿಗೆ ಹೋದೆ. ನಮ್ಮ ಯಜಮಾನರೂ ಬಂದಿದ್ದರು. ಎಷ್ಟು ತೊಳೆದರೂ ಹುಬ್ಬಿನ ಹಿಟ್ಟು ಹೋಗಿರಲಿಲ್ಲ. ಒಳಗಿಂದ ಗುಮಾಸ್ತ ಕೂಗಿದ. "ಖರೀದಿ ಹಿಡಿಯೋರು ಬರ್ರಿ!"

ನಾನು ಎದ್ದೆ. ಅವನು ನನ್ನನ್ನು ದಾಟಿ ಯಜಮಾನರ ಕಡೆ ಕೈ ಮಾಡಿದ. "ಬರ್ರಿ ಸಾಹೇಬ್ರ, ಇಲ್ಲಿ ಬೆರಳ ಇಡ್ರಿ."

"ನಾ ಅಲ್ರಿ, ಇಕೀ. ನಾ ಬರೇ ಸಾಕ್ಷಿ," ಎಂದರು ಇವರು.

"ಇವತ್ತೊಂದ ದಿನಾ ಸಾಕ್ಷೀನೋ, ಯಾವಾಗಲೂ ಸಾಕ್ಷೀನೋ?" ಅಂತ ಗುಮಾಸ್ತ ಚಾಷ್ಟಿ ಮಾಡಿದ.

ಇವರು ಬೆನ್ನು ನೆಟ್ಟಗೆ ಮಾಡಿ, ಕಚೇರಿಗೆಲ್ಲ ಕೇಳುವಂತೆ ಹೇಳಿದರು. "ಲಗ್ನ ಆದಾಗಿಂದ ಸಾಕ್ಷೀನ ರೀ. ಇಕಿ ಏನೇನ ಮಾಡ್ಯಾಳು, ಎಲ್ಲಾ ನೋಡೇನಿ. ಎಲ್ಲಿ ಬೇಕಾದರೂ ಸಹಿ ಮಾಡತೇನಿ."

ಮಂದಿ ನಕ್ಕರು. ನನ್ನ ಕಣ್ಣಿಗೆ ನೀರು ಬಂತು. ಫೋಟೊ ತೆಗೆಯುವ ಹುದ್ದೇದಾರ ಮಾತ್ರ, "ಬಾಯಾರ, ಅಳಬ್ಯಾಡ್ರಿ. ನೀವೂ ಅತ್ರ, ಮಾರೋರು ಯಾರು, ಹಿಡಿಯೋರು ಯಾರು ನಮಗ ತಿಳಿವಲ್ದು," ಎಂದ.

ಮನೆ ನೋಡುವ ಶಾಸ್ತ್ರ

ಮಾಸ್ತರರ ಮನೆ ರಿಪೇರಿ ಮಾಡಿಸಿ ಬಾಡಿಗೆಗೆ ಕೊಟ್ಟ ಮೇಲೆ ನನಗೆ ಧೈರ್ಯ ಬಂತು. ಎರಡನೆಯದಕ್ಕೆ ಕಣ್ಣು ಹೋಯಿತು. ಅವಸರದವರು ಬಾಯಿಬಿಟ್ಟು ಹೇಳುವುದಿಲ್ಲ, ಕೈಯಾರೆ ಪತ್ರ ಬರೆಯಿರಿ ಅಂತ ಅದೇ ವಿಡಿಯೊದವ ಹೇಳಿದ್ದ. ಸಂಶಿಯಲ್ಲಿ ಒಂದು ಮನೆತನದವರು ಹೊಸ ಮನೆ ಕಟ್ಟುವ ವಿಚಾರದಲ್ಲಿದ್ದಾರೆ, ಹಳೆಯದನ್ನು ಮಾರಿದರೂ ಮಾರಿಯಾರು ಎಂದು ಸುದ್ದಿ ಇತ್ತು. ದುಂಡಗೆ ಬರೆದೆ.

"ನಿಮ್ಮ ಮನೆಯ ಬಗ್ಗೆ ಒಳ್ಳೆಯ ಮಾತು ಕೇಳಿದ್ದೇವೆ. ಮನೆ ನೋಡಲು ಬರಬೇಕೆಂದಿದ್ದೇವೆ. ಮನಸ್ಸಿಗೆ ಬಂದರೆ ಕೊಡುವ ತೆಗೆದುಕೊಳ್ಳುವ ಮಾತು ಕುಳಿತು ಆಡೋಣ. ನಿಮಗೆ ಅವಸರವಿದ್ದರೆ ನಮ್ಮಿಂದ ತಡವಿಲ್ಲ."

ನಾಲ್ಕು ದಿನಕ್ಕೆ ಫೋನು ಬಂತು. "ಬುಧವಾರ ದಿನಾ ಛಲೋ ಐತ್ರಿ. ಗಂಡಾ ಹೆಂಡ್ತಿ ಕೂಡೇ ಬರ್ರಿ."

ದಿನ ನೋಡಿ ಮನೆ ತೋರಿಸುತ್ತಾರೆ, ಎಂಥ ಸಂಸ್ಕಾರದ ಜನ ಎಂದುಕೊಂಡೆ. ಹೋದರೆ ಮನೆಗೆ ಹೊಸ ಸುಣ್ಣ. ಪಡಸಾಲೆಯ ಜಮಖಾನೆಯ ಮೇಲೆ ಐದಾರು ಹಿರಿಯರು. ತಾಟಿನಲ್ಲಿ ಸುಸಲಾ, ಮಿರ್ಚಿ, ಶಿರಾ. ಮೂಲೆಯ ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ಒಬ್ಬ ಗಂಡಸು ಕುಳಿತಿದ್ದ. ಮನೆಯ ಯಜಮಾನಿತಿ ನನ್ನ ಕೈ ಹಿಡಿದು ಖೋಲಿ ಖೋಲಿ ತೋರಿಸಿದರು. ನಮ್ಮ ಯಜಮಾನರು ಮಿರ್ಚಿಯ ಮುಂದೆ ಕುಳಿತರು. ನಾನು ನನ್ನ ಪ್ರಶ್ನೆ ಶುರುಮಾಡಿದೆ.

"ಎಷ್ಟ ವರ್ಷ ಆತ್ರಿ?"

"ಯುಗಾದಿಗೆ ಮೂವತ್ನಾಕ ತುಂಬತಾವ್ರಿ," ಎಂದರು ಆ ತಾಯಿ.

ದರ ಇಳಿಸಬೇಕಲ್ಲ, "ಜಾಸ್ತಿ ಆದಂಗ ಕಾಣತೈತಲ್ರಿ," ಎಂದೆ.

"ಬಿಸಲಿಗೆ ಹಂಗ ಆಗೇತ್ರಿ," ಎಂದರು, ಮುಖ ಸಣ್ಣದು ಮಾಡಿ.

"ಮೊದಲ ಯಾರರ ಬಂದ ನೋಡ್ಯಾರೇನ್ರಿ?"

"ಹನ್ನೊಂದ ಕಡೆಯವ್ರು ಬಂದ ಹೋಗ್ಯಾರ್ರಿ."

"ಯಾಕ ಬಿಟ್ರು?"

ಹಿರಿಯರೊಬ್ಬರು ಕೆಮ್ಮಿ, ದನಿ ತಗ್ಗಿಸಿ, "ಮ್ಯಾಲ ಸ್ವಲ್ಪ ಉದರೈತ್ರಿ," ಎಂದರು.

ನಾನು ಮೇಲೆ ನೋಡಿದೆ. "ಅದೇನ ದೊಡ್ಡ ಮಾತ ಬಿಡ್ರಿ. ಎಲ್ಲಾ ಕೆರದ ತಗದು ಹೊಸಾದ ಮೆತ್ತಿದ್ರ ಆತು. ನನಗ ಒಪ್ಪಿಗಿ ಐತಿ."

ಮೂಲೆಯ ಗಂಡಸು ತಲೆಯ ಮೇಲೆ ಕೈಯಿಟ್ಟುಕೊಂಡ.

"ಒಂದ ಕೇಳತೇನಿ, ಖರೇ ಹೇಳ್ರಿ," ಎಂದೆ. "ಮಳಿಗಾಲದಾಗ ಸೋರತೈತೇನ್ರಿ?"

"ನೆಗಡಿ ಆದಾಗ ಅಷ್ಟ್ರಿ," ಎಂದರು ತಾಯಿ. "ಅದೂ ಎರಡ ದಿನಾ."

ನಮ್ಮ ಯಜಮಾನರ ಮಿರ್ಚಿ ಬಾಯಿಯ ಹತ್ತಿರ ನಿಂತಿತು. ನನಗೂ ಆಗ ಹೊಳೆಯಿತು. ಹೆಣ್ಣು ಕೊಡುವ ಮೊದಲು ಹೆಣ್ಣಿನವರು ಗಂಡಿನ ಮನೆ ನೋಡಲು ಹೋಗುತ್ತಾರಲ್ಲ, ಇವರು ನಮ್ಮನ್ನು ಅಂಥ ಬೀಗರೆಂದು ತಿಳಿದಿದ್ದರು! ಅಷ್ಟರಲ್ಲಿ ಹಿರಿಯರು ಕೇಳಿಯೇಬಿಟ್ಟರು. "ಇನ್ನ ನಿಮ್ಮ ಹುಡುಗಿ ಏನ ಓದ್ಯಾಳ ಹೇಳ್ರಿ."

"ನಮಗ ಹುಡುಗೀನ ಇಲ್ರಿ," ಎಂದರು ಯಜಮಾನರು. "ಎರಡೂ ಗಂಡ ಮಕ್ಕಳು."

ಹಿರಿಯರು ಹಿಡಿದ ತಾಟು ಕೆಳಗಿಟ್ಟರು. ನಾನು ಕೈ ಮುಗಿದು, ಟೇಲರಿಂಗಿನಿಂದ ಹಿಡಿದು ವಿಡಿಯೊದವನವರೆಗೆ ಎಲ್ಲ ಹೇಳಿದೆ. ಆ ತಾಯಿಯ ಕಣ್ಣು ತುಂಬಿದವು. ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಮೂಲೆಯಿಂದ ನಗು ಬಂತು. ಆ ಗಂಡಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಹೋಗ್ಲಿ ಬಿಡಬೇ ಯವ್ವಾ. ಹನ್ನೊಂದ ಮಂದಿ ಹುಡುಗಿ ಇದ್ದೂ ಒಲ್ಲೆ ಅಂದ್ರು. ಇವ್ರು ಹುಡುಗಿ ಇಲ್ಲದನ ಒಪ್ಪಿಗಿ ಅಂದ್ರು!"

ಎಲ್ಲರೂ ನಕ್ಕರು. ತಾಯಿಯೂ ಕಣ್ಣೊರೆಸಿಕೊಳ್ಳುತ್ತ ನಕ್ಕು, ಮತ್ತೆ ಚಹಾ ಇಟ್ಟರು.

ಆದರೆ ನನ್ನನ್ನು ಅದು ಕೊರೆಯುತ್ತಲೇ ಇತ್ತು. ಕಲಘಟಗಿ ಕಡೆಯ ಒಬ್ಬ ಹುಡುಗಿ, ನಮ್ಮ ಓಣಿಯಲ್ಲಿ ಅಕ್ಕನ ಮನೆಯಲ್ಲಿರುವಾಕಿ, ನನ್ನ ಹತ್ತಿರ ಜಂಪರು ಹೊಲಿಸುತ್ತಿದ್ದಳು. ಬಂದ ಗಂಡುಗಳನ್ನೆಲ್ಲ ಒಲ್ಲೆ ಎಂದಾಕಿ. ಅಳತೆ ಕೊಡುತ್ತ ನಿಂತಾಗ ಈ ಕಥೆ ಹೇಳಿದೆ. ಆಕೆ ನಕ್ಕ ರಭಸಕ್ಕೆ ಎರಡು ಸಲ ಅಳತೆ ತಪ್ಪಿತು. ಆಮೇಲೆ ಮೆಲ್ಲಗೆ ಕೇಳಿದಳು. "ಅಕ್ಕಾರ, ಮೊದಲ ನಕ್ಕಾಂವ ಅಂವಾನ ಏನ್ರಿ?"

"ಅಂವಾನ."

"ಹಂಗಾರ ಬರಾಕ ಹೇಳ್ರಿ."

ಆ ಮದುವೆಗೆ ಮದುಮಗಳ ಜಂಪರು ನನ್ನದೇ ಹೊಲಿಗೆ, ಊಟದ ಪಂಕ್ತಿಯಲ್ಲಿ ಮೊದಲ ಎಲೆಯೂ ನಮ್ಮದೇ.

ಕೆಲವು ತಿಂಗಳ ಮೇಲೆ ಆ ತಾಯಿಯ ಫೋನು ಬಂತು. "ಅಕ್ಕಾರ, ಹೊಸಾ ಮನಿ ಆತ್ರಿ. ಹಳೇದನ್ನ ಮಾರೂದೈತಿ. ಬ್ಯಾರೇದವರಿಗೆ ಹೇಳಿಲ್ಲ. ಲಗೂನ ಬಂದ ನೋಡಿ ಹೋಗ್ರಿ, ನಮಗ ಅವಸರೈತಿ."

ಒಮ್ಮೆ ಸುಟ್ಟುಕೊಂಡಾಕಿ ನಾನು. "ಅವ್ವಾರ," ಎಂದೆ, "ಈ ಸಲ ಮಾರೂದು ಮನೀನ ಹೌದಲ್ರಿ?"

"ಮನೀನ ರೀ," ಎಂದರು. "ಮಗನ್ನ ಆಗಲೇ ಸೊಸಿ ಹೆಸರಿಗೆ ಖರೀದಿ ಬರದ ಕೊಟ್ಟೇವಲ್ರಿ!"