ಲೆಂಪಿ ಅಜ್ಜಿಯ ಶುಕ್ರವಾರದ ಸ್ನಾನ

ತುವೊಮೊ ಸೋಫಾದ ಮೇಲೆ ಕೂತದ್ದೇ ತಡ, ನಾಲ್ಕು ವರ್ಷದ ಮಗಳು ಪಿಹ್ಲಾ ಸೂರು ಹಾರಿಹೋಗುವಂತೆ ಕಿರುಚಿದಳು. "ಅಪ್ಪಾ! ಲೆಂಪಿ ಅಜ್ಜಿ ಮೇಲೇ ಕೂತ್ಬಿಟ್ಯಲ್ಲ!"

ಎದುರಿಗೆ ಅತ್ತೆ ಕಾಫಿ ಕುಡಿಯುತ್ತಿದ್ದರು. ತುವೊಮೊ ದಡಬಡಿಸಿ ಎದ್ದು, ಖಾಲಿ ಸೋಫಾಗೆ ತಲೆಬಾಗಿ, "ಕ್ಷಮಿಸಿ ಅಜ್ಜಿ, ನೋವಾಯ್ತಾ?" ಎಂದ. ಅತ್ತೆಯ ಕಾಫಿ ನೆತ್ತಿಗೇರಿತು.

ಅವರ ಕೆಮ್ಮು ನಿಲ್ಲುವ ಮೊದಲೇ ಇವನ ಭಾಷಣ ಶುರು. "ಸುಳ್ಸುಳ್ಳೇ ಆಟದಿಂದಲೇ ಮಕ್ಕಳಿಗೆ ಮಾತು ಬರೋದು, ಇನ್ನೊಬ್ಬರ ನೋವು ತಿಳಿಯೋದು! ಲೆಂಪಿ ಅಜ್ಜಿ ಇಲ್ಲ ಅನ್ನೋರಿಗೆ ಈ ಮನೇಲಿ ಜಾಗ ಇಲ್ಲ!"

"ಇರೋರಿಗೇ ಇಲ್ಲ ಜಾಗ, ಇಲ್ಲದೋರಿಗೆ ಸೋಫಾ ಬೇರೆ!" ಎಂದಳು ಹೆಂಡತಿ ಮಾರ್ಯುತ್.

ಅಂದಿನಿಂದ ತುವೊಮೊ ಲೆಂಪಿ ಅಜ್ಜಿಗೆ ತಟ್ಟೆ ಇಟ್ಟ, ಅವಳ ಕೋಟು ನೇತುಹಾಕಲು ಗೂಟ ಕೊಟ್ಟ. ಆಮೇಲೆ ಅಜ್ಜಿ ಅವನ ಶುಕ್ರವಾರಕ್ಕೇ ಕೈಹಾಕಿದಳು.

ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಸೌನಾ, ಒಲೆಯ ಮೇಲಿನ ಕಾದ ಕಲ್ಲಿಗೆ ನೀರೆರೆದು, ಏಳುವ ಹಬೆಯಲ್ಲಿ ಕೂತು ಬೆವರುವ ಸ್ನಾನದ ಕೋಣೆ. ಮನೆಗೊಂದರಂತೆ ವಾರಕ್ಕೊಂದು ಗಂಟೆ. ಇವರದು ಶುಕ್ರವಾರ ಸಂಜೆ ನಾಲ್ಕಕ್ಕೆ. ವಾರವಿಡೀ ಬಸ್ಸು ಓಡಿಸುವ ತುವೊಮೊ ಬದುಕಿದ್ದುದೇ ಆ ಒಂದು ಗಂಟೆಗಾಗಿ.

"ಅಜ್ಜಿಗೆ ನಾಚಿಕೆಯಂತೆ ಅಪ್ಪ. ಮೊದಲು ಅವಳೊಬ್ಳೇ ಸ್ನಾನ ಮಾಡ್ತಾಳಂತೆ. ನೀನು ಹೊರಗಿರ್ಬೇಕಂತೆ."

ಇದ್ದ. ಮೊದಲ ವಾರ ಹತ್ತು ನಿಮಿಷ. ಮರುವಾರದಿಂದ ಪಿಹ್ಲಾ ಕೆಳಗೆ ಬರುವುದನ್ನೇ ಬಿಟ್ಟಳು. ತುವೊಮೊ ಬಿಡಲಿಲ್ಲ. ಟವೆಲ್ ಸುತ್ತಿಕೊಂಡು ಬಾಗಿಲ ಹೊರಗೆ ಒಬ್ಬನೇ ಕೂರುತ್ತಿದ್ದ. ಆ ಉತ್ತರದ ನಾಡಿನಲ್ಲಿ ನವೆಂಬರ್ ತಿಂಗಳೆಂದರೆ ಸಂಜೆ ನಾಲ್ಕಕ್ಕೇ ಕಿಟಕಿಯಾಚೆ ಕಗ್ಗತ್ತಲು. ಒಳಗೆ ಮೇಲಿನ ಹಲಗೆ ಕಿರ್ರೆನ್ನುತ್ತಿತ್ತು, ಯಾರೋ ನಿಧಾನಕ್ಕೆ ಹತ್ತಿ ಕೂತಂತೆ. ಸ್ನಾನ ಮುಗಿಸಿ ಹೊರಡುವಾಗ ಕೊನೆಯ ಸೌಟು ನೀರನ್ನು ಒಲೆಯ ಹಿಂದಿರುವವರಿಗೆಂದು ಕಲ್ಲಿನ ಮೇಲೆ ಎರೆದು ಬರುವುದು ಅವನ ಅಜ್ಜನ ಕಾಲದ ಪದ್ಧತಿ. ಒಲೆಯ ಹಿಂದೆ ಇರುವುದು ಯಾರು ಎಂದು ಯಾರೂ ಕೇಳಿದವರಲ್ಲ. ತುವೊಮೊಗೆ ಈಗ ಗೊತ್ತಾಗತೊಡಗಿತ್ತು!

ನಾಲ್ಕನೆಯ ಶುಕ್ರವಾರ ಐವತ್ತು ನಿಮಿಷ ಕಳೆದರೂ ಅವನಿಗೆ ಒಳಹೋಗುವ ಧೈರ್ಯವಾಗಲಿಲ್ಲ. ಕೊನೆಗೆ ಮೆಲ್ಲಗೆ ಬಾಗಿಲು ತಟ್ಟಿದ. "ಅಜ್ಜೀ, ಹತ್ತೇ ನಿಮಿಷ ಉಳಿದಿದೆ. ಸ್ವಲ್ಪ ಸರ್ಕೊಂಡು ಕೂತ್ಕೋತೀರಾ?"

ಒಳಗೆ ಕಾದ ಕಲ್ಲುಗಳು 'ಚುಸ್ಸ್' ಎಂದವು.

ನೀರಿನ ಬಕೆಟ್ಟೂ ಸೌಟೂ ಇದ್ದದ್ದು ತುವೊಮೊನ ತೊಡೆಯ ಮೇಲೆ! ಬಾಗಿಲ ಸಂದಿಯಿಂದ ಬೆಚ್ಚನೆಯ ಹಬೆ ತೆವಳಿ ಬಂದು ಅವನ ಕಾಲ್ಬೆರಳನ್ನು ಸವರಿತು.

ಮೂರು ಮಹಡಿಯನ್ನು ಆ ಮಹಾಶೂರ ಟವೆಲ್ಲಿನಲ್ಲೇ ಏರಿದ. ಪಿಹ್ಲಾ ಮರದ ತುಂಡು ಜೋಡಿಸುತ್ತಿದ್ದಳು. ಅವಳೆದುರು ಮಂಡಿಯೂರಿದ.

"ಕಂದಾ, ಅಜ್ಜೀನ ಒಂದು ಮಾತು ಕೇಳಮ್ಮ. ನನ್ನ ಶುಕ್ರವಾರ ನಂಗೆ ಯಾವಾಗ ವಾಪಸ್ ಕೊಡ್ತಾರಂತೆ?"

ಪಿಹ್ಲಾ ಅಮ್ಮನ ಮುಖ ನೋಡಿದಳು. ಆಮೇಲೆ ಅಪ್ಪನ ಒದ್ದೆ ತಲೆಯನ್ನು ಕರುಣೆಯಿಂದ ಸವರಿದಳು. ಒದ್ದೆಯಾದದ್ದು ಬೆವರಿನಿಂದ.

"ಅಜ್ಜಿ ಅವಳ ಊರಿಗೆ ಹೋಗಿ ಮೂರು ವಾರ ಆಯ್ತಲ್ಲಪ್ಪ. ಅಪ್ಪನ ಆಟ ಇನ್ನೂ ಮುಗಿದಿಲ್ಲ, ಮಧ್ಯೆ ಹೋಗಿ ಕೆಡಿಸ್ಬೇಡ ಅಂದ್ಲು ಅಮ್ಮ."