ಹೋಕನ್ ಕರೆದ ಕಾಫಿಗೆ ಬಂದ ಆರೋಪಿಗಳು

"ಇವತ್ತಿಂದ ಈ ಮನೇಲಿ ಪರದೆ ಬಂದ್!" ಎಂದು ಹೋಕನ್ ಘೋಷಿಸಿದ.

ಚಕ್ರವರ್ತಿಯೊಬ್ಬ ಯುದ್ಧ ಸಾರಿದ ಗಾಂಭೀರ್ಯವಿತ್ತು ಆ ದನಿಯಲ್ಲಿ. ವ್ಯತ್ಯಾಸ ಇಷ್ಟೇ, ಚಕ್ರವರ್ತಿಗಳು ಸಾಮಾನ್ಯವಾಗಿ ಹೆಂಡತಿಯ ಶಾಲು ಹೊದ್ದುಕೊಂಡು ಯುದ್ಧ ಸಾರುವುದಿಲ್ಲ.

"ಯಾವ ಪರದೆ? ಕಿಟಕಿದಾ?" ಆಲೂಗಡ್ಡೆ ಸಿಪ್ಪೆ ಹೆರೆಯುತ್ತಿದ್ದ ಹೆಂಡತಿ ಅನ್ನೆಲಿ ತಲೆಯೆತ್ತದೆ ಕೇಳಿದಳು. "ಅದು ಹಾಕಿದ್ರೂ ಕತ್ತಲೆ, ತೆಗೆದ್ರೂ ಕತ್ತಲೆ."

ಸುಳ್ಳಲ್ಲ. ಉತ್ತರಧ್ರುವದ ಕಡೆಯ ಲೂಲಿಯೊ ಊರಿನಲ್ಲಿ ಜನವರಿಯ ಸೂರ್ಯ ಸರ್ಕಾರಿ ಕಚೇರಿಯ ಗುಮಾಸ್ತನ ಹಾಗೆ. ತಡವಾಗಿ ಬರುತ್ತಾನೆ, ಬಂದೆನೆಂದು ತೋರಿಸಲು ಕೋಟನ್ನು ಕುರ್ಚಿಗೆ ನೇತುಹಾಕುತ್ತಾನೆ, ಊಟದ ಹೊತ್ತಿಗೆ ಮಾಯ! ಉಳಿದ ಹೊತ್ತಿಗೆಲ್ಲ ಹೋಕನ್‌ಗೆ ಬೆಳಕು ಕೊಡುತ್ತಿದ್ದದ್ದು ಪರದೆಗಳೇ. ಹಗಲಿಡೀ ವಿಮಾ ಕಂಪನಿಯ ಕೆಲಸಕ್ಕೆ ಕಂಪ್ಯೂಟರು. ಅದರಿಂದ ಕಣ್ಣು ದಣಿದರೆ ವಿಶ್ರಾಂತಿಗೆ ಫೋನು. ಫೋನಿನ ದಣಿವಿಗೆ ಟೀವಿ. ಜಂಗಮವಾಣಿ ಕೈಗೆ ಬಂದದ್ದೇ ತಡ, ಮನುಷ್ಯ ಪೂರ್ತಿ ಸ್ಥಾವರನಾಗಿದ್ದ. ಚಳಿಗಾಲದ ಮಂಕು ಕಳೆಯಲೆಂದು ವೈದ್ಯರು ಹೇಳಿದ ಪ್ರಖರ ದೀಪವನ್ನೂ ತಂದಿಟ್ಟಿದ್ದರು. ಅದರ ಮುಂದೆ ಅವನು ಕಾವಿಗಿಟ್ಟ ಮೊಟ್ಟೆಯಂತೆ ಕೂರುತ್ತಿದ್ದ. ಮರಿಯೇನೂ ಹೊರಬರಲಿಲ್ಲ.

ಘೋಷಣೆಗೆ ಒಂದು ಕಾರಣವಿತ್ತು. ಅನ್ನೆಲಿಯ ಗಾಯನ ತಂಡ ದಕ್ಷಿಣದ ಮಾಲ್ಮೋ ಕಡೆಯ ಚರ್ಚುಗಳಿಗೆ ಎರಡು ವಾರದ ಹಾಡಿನ ಪ್ರವಾಸ ಹೊರಟಿತ್ತು. ಅವಳು ಈ ಅವಕಾಶಕ್ಕಾಗಿ ಎಷ್ಟೋ ವರ್ಷದಿಂದ ಕಾದಿದ್ದಳು. ಬರುತ್ತೇನೋ ಇಲ್ಲವೋ ಎಂದು ಶುಕ್ರವಾರದೊಳಗೆ ತಿಳಿಸಬೇಕಿತ್ತು.

"ನಿನ್ನನ್ನ ಈ ಸ್ಥಿತೀಲಿ ಬಿಟ್ಟು ಹೋದ್ರೆ, ವಾಪಸ್ ಬರೋ ಹೊತ್ತಿಗೆ ನಿನ್ನ ಮೇಲೆ ಬೂಷ್ಟು ಬಂದಿರುತ್ತೆ ಮಹರಾಯ" ಎಂದಳು ಅನ್ನೆಲಿ.

"ನಂಗೇನು ಕಮ್ಮಿ? ರಾಶಿ ಗೆಳೆಯರಿದಾರೆ!"

"ಫೋನ್ ಒಳಗಿರೋರಲ್ಲ. ನಿನ್ನೆದುರು ಕೂತು ಕಾಫಿ ಕುಡಿಯೋ ಒಂದೇ ಒಂದು ಉಸಿರಾಡೋ ಪ್ರಾಣಿ ತೋರಿಸು. ನಾನು ನೆಮ್ಮದಿಯಾಗಿ ಹೊರಡ್ತೀನಿ. ಇಲ್ದಿದ್ರೆ ಬೇಡ, ಇಲ್ಲೇ ಇರ್ತೀನಿ."

"ಒಂದೇ ಯಾಕೆ? ಇಡೀ ಕಟ್ಟಡವನ್ನೇ ಕರೀತೀನಿ, ನೋಡ್ತಿರು!"

ಹನ್ನೆರಡು ವರ್ಷದಿಂದ ಆ ಕಟ್ಟಡದಲ್ಲಿದ್ದರೂ ಹೋಕನ್ ನೆರೆಯವರ ಜೊತೆ ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಅಂಚೆಚೀಟಿಯ ಹಿಂದೆ ಬರೆಯಬಹುದಿತ್ತು. ತಪ್ಪು ಅವನೊಬ್ಬನದಲ್ಲ. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಬಾಗಿಲ ಕಿಂಡಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡೇ ಮನೆಯಿಂದ ಹೊರಬೀಳುವುದು ಅಲ್ಲಿನ ಸಭ್ಯತೆ. ಎದುರುಬದುರು ಮನೆಯ ಇಬ್ಬರು ಸಭ್ಯರು ಒಂದೇ ಸಲ ಹೊರಟು, ಇಬ್ಬರೂ ತಮ್ಮ ತಮ್ಮ ಬಾಗಿಲ ಹಿಂದೆ ಕೋಟು ಟೋಪಿ ಸಮೇತ ಬೆವರುತ್ತ ನಿಂತದ್ದುಂಟು!

ಫೋನನ್ನು ಬ್ರೆಡ್ಡಿನ ಡಬ್ಬಿಯಲ್ಲಿ ಬಂಧಿಸಿ ಹೋಕನ್ ಆಹ್ವಾನಪತ್ರ ಬರೆಯಲು ಕೂತ. ಮನೆಯಲ್ಲಿ ಇದ್ದಬದ್ದ ಪೆನ್ನುಗಳೆಲ್ಲ ಒಣಗಿಹೋಗಿದ್ದವು. ಬರೆದದ್ದು ದಪ್ಪ ಮೊನೆಯ ಕೆಂಪು ಮಾರ್ಕರ್ ಒಂದೇ. ಅದರಲ್ಲೇ, ದೊಡ್ಡ ಅಕ್ಷರದಲ್ಲಿ ಹೀಗೆ ಬರೆದ:

"ಎಲ್ಲ ನಿವಾಸಿಗಳಿಗೆ! ಇನ್ನೂ ಎಷ್ಟು ವರ್ಷ ಹೀಗೇ ನಡೆಯಬೇಕು? ಗುರುವಾರ ಸಂಜೆ ಆರಕ್ಕೆ ನಮ್ಮ ಮನೆಗೆ ಬನ್ನಿ. ಮುಖಾಮುಖಿ ಮಾತಾಡೋಣ! ಹೋಕನ್, ಮೂರನೇ ಮಹಡಿ."

ಎಲ್ಲರ ಕಣ್ಣಿಗೆ ಬೀಳುವ ಜಾಗ ಯಾವುದು? "ಎಲ್ರೂ ಹೋಗೋದು ಕೆಳಗಿನ ಒಗೆಯೋ ಕೋಣೆಗೆ" ಎಂದು ಅನ್ನೆಲಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಹೇಳಿದ್ದಳು. ಹೋಕನ್ ನೆಲಮಾಳಿಗೆಗಿಳಿದು, ಮೊದಲು ಸೈಕಲ್ ಕೋಣೆಗೂ ಆಮೇಲೆ ಬಾಯ್ಲರ್ ಕೋಣೆಗೂ ನುಗ್ಗಿ, ಕೊನೆಗೆ ಸರಿಯಾದ ಬಾಗಿಲು ಕಂಡುಹಿಡಿದ.

ಬಾಗಿಲ ತುಂಬ ಚೀಟಿಗಳು! ಆ ದೇಶದಲ್ಲಿ ನೆರೆಯವರು ಮುಖ ನೋಡಿ ಜಗಳವಾಡುವುದಿಲ್ಲ, ಚೀಟಿ ಅಂಟಿಸುತ್ತಾರೆ. ಇಡೀ ಕಟ್ಟಡಕ್ಕೆ ಒಂದೇ ಒಗೆಯುವ ಕೋಣೆ, ಸರದಿಯ ಪ್ರಕಾರ ಬಳಕೆ; ಗೋಡೆಯ ಹಲಗೆಯಲ್ಲಿ ಯಾವ ಹೊತ್ತಿನ ಮೇಲೆ ಯಾರ ಮನೆಯ ಪುಟ್ಟ ಬೀಗ ನೇತಾಡುತ್ತದೋ ಆ ಹೊತ್ತು ಅವರದು. ಎಲ್ಲಿ ಒಗೆತನವೋ ಅಲ್ಲಿ ಹಗೆತನ. "ಜಾಲರಿಯ ನೂಲುಕಸ ತೆಗೆಯಲು ಕೈಯಿಲ್ಲವೇ?" ಎಂದೊಂದು. "ನಿಮ್ಮ ಅಮ್ಮ ಇಲ್ಲಿ ಕೆಲಸಕ್ಕಿಲ್ಲ!" ಎಂದಿನ್ನೊಂದು. ಇಂಥ ಯುದ್ಧಭೂಮಿಯ ನಟ್ಟನಡುವೆ ಹೋಕನ್ ತನ್ನ ಶಾಂತಿದೂತನನ್ನು ಅಂಟಿಸಿದ. ಕೆಂಪು ಶಾಂತಿದೂತ!

ಪರಿಣಾಮ ಮರುದಿನವೇ ಕಂಡಿತು. ಹೋಕನ್ ಬಾಗಿಲು ತೆಗೆದರೆ ಹೊಸಿಲಲ್ಲಿ ಒಂದು ಹೊಚ್ಚಹೊಸ ಸೋಪಿನ ಪುಡಿಯ ಪೊಟ್ಟಣ. ಮಧ್ಯಾಹ್ನ ನೋಡಿದರೆ ಯಾವ ಕಾಲದಲ್ಲೋ ಕಳೆದುಹೋಗಿದ್ದ ಅವನ ಒಂಟಿ ಕಾಲುಚೀಲ, ಇಸ್ತ್ರಿ ಮಾಡಿಸಿಕೊಂಡು, ಬಾಗಿಲ ಹಿಡಿಗೆ ನೇತಾಡುತ್ತಿತ್ತು. ಅವನ ಕಾರಿನ ಮೇಲಿನ ಹಿಮವನ್ನು ಯಾರೋ ಗೋರಿ ಗುಡಿಸಿದ್ದರು.

"ಕೈಬರಹದ ಮಹಿಮೆ ನೋಡಿದ್ಯಾ?" ಎಂದು ಹೋಕನ್ ಹೆಂಡತಿಯ ಮುಂದೆ ಬೀಗಿದ. "ಜನ ಪ್ರೀತಿಗೆ ಹಸ್ಕೊಂಡು ಕೂತಿದ್ರು ಕಣೇ!"

"ಕಾಲುಚೀಲ ಇಸ್ತ್ರಿ ಮಾಡಿಕೊಡೋ ಪ್ರೀತಿ ನಾನು ಎಲ್ಲೂ ಕಂಡಿಲ್ಲ" ಎಂದಳು ಅನ್ನೆಲಿ. "ಅದ್ಸರಿ, ಚೀಟೀಲಿ ಏನಂತ ಬರೆದೆ?"

"ಹೃದಯದಿಂದ ಬರೆದೆ!"

ಮೆಟ್ಟಿಲ ಮೇಲೆ ನೆಲಮಹಡಿಯ ಗುನ್‌ವೋರಜ್ಜಿ ಸಿಕ್ಕಿದರು. ಯಾವಾಗಲೂ ಮುಖ ತಿರುಗಿಸಿ ಹೋಗುತ್ತಿದ್ದವರು ಇವತ್ತು ಅವನ ತೋಳು ಹಿಡಿದರು. "ಗುರುವಾರ ಎಲ್ಲಾ ಹೇಳಿಬಿಡ್ತೀನಪ್ಪ. ಅಲ್ಲೀತನಕ ಯಾರಿಗೂ ಬಾಯಿ ಬಿಡಬೇಡ."

"ಮನಸ್ಸಲ್ಲಿರೋದೆಲ್ಲ ಹೇಳ್ಬೇಕು ಅಜ್ಜಿ. ಕೇಳೋಕೇ ತಾನೇ ನಾನು ಕೂತಿರೋದು?" ಎಂದು ಹೋಕನ್ ಅಕ್ಕರೆಯಿಂದ ನಕ್ಕ. ಅಜ್ಜಿ ಕಂಬಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತರು.

ಗುರುವಾರ ಅನ್ನೆಲಿ ಹಾಡಿನ ಅಭ್ಯಾಸಕ್ಕೆ ಹೋದಳು. ಹೋಕನ್ ಹಳೆಯ ಪದ್ಧತಿಯಂತೆ ಏಳು ಬಗೆಯ ಬಿಸ್ಕತ್ತು ಸುಟ್ಟ. ನಾಲ್ಕು ಬಗೆ ಬೆಂದವು, ಎರಡು ಕರಕಾದವು, ಒಂದು ಯಾವ ಬಗೆಯೆಂದು ಯಾರಿಗೂ ಹೇಳಲಾಗಲಿಲ್ಲ. ಮೇಣದಬತ್ತಿ ಹಚ್ಚಿದ. ಆರು ಹೊಡೆಯುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

ಕಟ್ಟಡಕ್ಕೆ ಕಟ್ಟಡವೇ ಹೊರಗೆ ಸಾಲಾಗಿ ನಿಂತಿತ್ತು! ಬೂಟು ಬಿಚ್ಚಿ, ಕೋಟು ಬಿಚ್ಚದೆ, ಶವಸಂಸ್ಕಾರಕ್ಕೆ ಬಂದ ಮುಖ ಹೊತ್ತು ಎಲ್ಲರೂ ಗೋಡೆಗುಂಟ ಕೂತರು. ಕಟ್ಟಡದ ಸಂಘದ ಅಧ್ಯಕ್ಷ, ನಿವೃತ್ತ ರೈಲ್ವೆ ಅಧಿಕಾರಿ ಉಲ್ಫ್, ಚೀಲದಿಂದ ಮರದ ಸುತ್ತಿಗೆ ತೆಗೆದು ಮೇಜಿಗೆ ಕುಟ್ಟಿದ.

"ಸಭೆಯನ್ನ ನಿಯಮದ ಪ್ರಕಾರ ಕರೆದಿದ್ದಾರಾ?"

"ಹೌದು" ಎಂದಿತು ಗೋಡೆ.

"ಕಾರ್ಯದರ್ಶಿಯಾಗಿ ಮೊದಲ ಮಹಡಿಯ ನರ್ಸ್ ತೀರಾ. ಒಪ್ಪಿಗೆ?"

"ಒಪ್ಪಿಗೆ."

"ಅಯ್ಯೋ, ಮೊದಲು ಬಿಸ್ಕತ್ತು ತಗೊಳ್ಳಿ!" ಎಂದ ಹೋಕನ್.

"ತೀರ್ಪಿಗೆ ಮುಂಚೆ ತಿನ್ನಬಹುದಾ?" ಎಂದು ಗುನ್‌ವೋರಜ್ಜಿ ಅಧ್ಯಕ್ಷರನ್ನು ಕೇಳಿದರು.

ಹೋಕನ್ ಬಾಯಿ ತೆರೆಯುವ ಮುಂಚೆ ನರ್ಸ್ ತೀರಾ ಎದ್ದು ನಿಂತಳು. "ನಾನೇ ಶುರು ಮಾಡ್ತೀನಿ, ಎದೆ ಹಗುರಾಗಲಿ. ಸರದಿ ಹಲಗೇಲಿ ಬೇರೆಯವರ ಬೀಗ ಪಕ್ಕಕ್ಕೆ ಸರಿಸ್ತಾ ಇದ್ದದ್ದು ನಾನು. ಪಾಳಿ ಮುಗಿಸಿ ಬಂದಾಗ ಹಾಕ್ಕೊಳ್ಳೋಕೆ ಒಂದು ಬಟ್ಟೆ ಇರ್ತಿರ್ಲಿಲ್ಲ."

"ಬೆಕ್ಕಿನ ಹಾಸಿಗೇನ ಆ ಮಷೀನಲ್ಲೇ ಒಗೀತೀನಿ" ಎಂದು ಗುನ್‌ವೋರಜ್ಜಿ ಕಣ್ಣೊರೆಸಿಕೊಂಡರು.

ಉಲ್ಫ್ ಸುತ್ತಿಗೆ ಕೆಳಗಿಟ್ಟ. "ಬೆಕ್ಕಿಂದಾ! ನನ್ನ ಬನಿಯನ್ನಿಗೆಲ್ಲ ಕೂದಲು ಬಂದದ್ದು ಅದಕ್ಕಾ? ನನಗೇ ಉದುರ್ತಿದೆ ಅಂತ ಡಾಕ್ಟರ ಹತ್ರ ಹೋಗಿಬಂದೆನಲ್ರೀ!"

"ನಿಮ್ಮ ತಲೇಲಿ ಉದುರೋಕೆ ಏನಿದೆ?" ಎಂದಳು ತೀರಾ. "ಅದಿರ್ಲಿ, ‘ನಿಮ್ಮ ಅಮ್ಮ ಇಲ್ಲಿ ಕೆಲಸಕ್ಕಿಲ್ಲ’ ಅಂತ ಬರೆದದ್ದು ಯಾರು?"

ಉಲ್ಫ್‌ನ ಬೋಳುತಲೆ ಕೆಂಪಾಯಿತು. "ಅಧ್ಯಕ್ಷರ ವಿಷಯ ಚರ್ಚೆಗೆ ಬರೋ ಹಾಗಿಲ್ಲ."

"ನಮ್ಮಮ್ಮ ಹೋಗಿ ಎಷ್ಟೋ ಕಾಲ ಆಯ್ತು ಕಣಯ್ಯ, ಅದನ್ನ ಓದಿ ಒಂದು ರಾತ್ರಿಯೆಲ್ಲ ಅತ್ತಿದ್ದೆ!" ಎಂದು ಅಜ್ಜಿ ಗುಡುಗಿದರು.

ಆಮೇಲೆ ಶುರುವಾಯಿತು ನೋಡಿ! ವರ್ಷಗಟ್ಟಲೆ ಚೀಟಿಯಲ್ಲಿ ಮಡಿಚಿಟ್ಟಿದ್ದ ಸಿಟ್ಟೆಲ್ಲ ಬಾಯಿಗೆ ಬಂತು. ಕೂಗಾಟ, ಕೈ ಬೀಸಾಟ, ಕೊನೆಗೆ ಯಾರೋ ಪಕ್ಕನೆ ನಕ್ಕರು. ನಗು ಸೀನಿನಂತೆ ಒಬ್ಬರಿಂದೊಬ್ಬರಿಗೆ ಅಂಟಿತು. ಕೋಟುಗಳು ಕಳಚಿದವು. ಕರಕಾದ ಬಿಸ್ಕತ್ತುಗಳೂ ಖಾಲಿ! ಯಾರೂ ಜೇಬಿನಿಂದ ಫೋನು ತೆಗೆಯಲಿಲ್ಲ. ಹೋಕನ್ ಮಾತ್ರ ತನ್ನ ಮನೆಯಲ್ಲೇ ಅತಿಥಿಯಂತೆ ಕಾಫಿಯ ಹೂಜಿ ಹಿಡಿದು ಮಿಕಮಿಕ ನೋಡುತ್ತ ನಿಂತಿದ್ದ.

"ಈಗ ದೂರುದಾರರ ಸರದಿ" ಎಂದ ಉಲ್ಫ್. "ಹೇಳಿ ಹೋಕನ್, ನಿಮ್ಮ ದೂರೇನು?"

"ದೂರಾ? ದೂರ ಕಮ್ಮಿಯಾಗ್ಲಿ ಅಂತ ಕರೆದದ್ದು ನಾನು! ಬರೀ ಕಾಫಿಗೆ!"



"ಬರೀ ಕಾಫಿಗಾ?" ಎಂದಳು ತೀರಾ. "ಯಾವ ಕಾರಣಾನೂ ಇಲ್ದೆ? ಮತ್ತೆ ನಾವು ಒಪ್ಪಿಕೊಂಡದ್ದು?"

"ಇದು ಮೋಸ!" ಎಂದರು ಅಜ್ಜಿ. "ಹಾಗಾದ್ರೆ ಇವನೂ ಒಪ್ಪಿಕೊಳ್ಳಲಿ. ಹೇಳಪ್ಪ, ನಿನ್ನ ತಪ್ಪೇನು?"

ಹೋಕನ್ ಎದೆಯುಬ್ಬಿಸಿದ. "ನಾನು ಶುದ್ಧಹಸ್ತ. ಒಗೆಯೋ ಕೋಣೇಲಿ ಇವತ್ತಿನವರೆಗೆ ಒಂದೇ ಒಂದು ತಪ್ಪು ಮಾಡಿಲ್ಲ. ಮಾಡೋಕೆ ಅಲ್ಲಿಗೆ ಹೋಗಿದ್ರೆ ತಾನೇ? ಚೀಟಿ ಅಂಟಿಸೋಕೆ ಹೋದದ್ದೇ ಮೊದಲ ಸಲ!"

ಬೆಕ್ಕಿನ ಕೂದಲಿಗೂ, ಬೀಗ ಸರಿಸಿದ ಕಳ್ಳಾಟಕ್ಕೂ ಮೂಡದಿದ್ದ ಭೀಕರ ಮೌನ ಈಗ ಮೂಡಿತು. ತೀರಾ ಬರೆಯುವುದನ್ನು ನಿಲ್ಲಿಸಿದಳು.

"ಹಾಗಾದ್ರೆ ಹನ್ನೆರಡು ವರ್ಷದಿಂದ," ಗುನ್‌ವೋರಜ್ಜಿ ಒಂದೊಂದೇ ಪದ ಜಗಿದು ಕೇಳಿದರು, "ನಿನ್ನ ಚಡ್ಡಿ ಒಗೆದದ್ದು ಯಾರು?"

ಅಷ್ಟರಲ್ಲಿ ಬಾಗಿಲು ತೆರೆದು ಅನ್ನೆಲಿ ಒಳಬಂದಳು. ಹೊಸಿಲಲ್ಲಿ ಬೂಟಿನ ಬೆಟ್ಟ, ಒಳಗೆ ಇಡೀ ಕಟ್ಟಡ, ನಡುವೆ ಕುಗ್ಗಿ ನಿಂತ ಗಂಡ.

"ಅಗೋ, ಸಾಕ್ಷಿ ಬಂತು!" ಎಂದ ಉಲ್ಫ್.

ವಿಚಾರಣೆ ಬೇಗ ಮುಗಿಯಿತು. ಸಾಕ್ಷಿ ಹಿಂದೆಮುಂದೆ ನೋಡದೆ ನಿಜವನ್ನೇ ಹೇಳಿದಳು. ಉಲ್ಫ್ ಸುತ್ತಿಗೆಯೆತ್ತಿ ಗೊತ್ತುವಳಿ ಓದಿದ: "ಇನ್ನು ಬೇಸಿಗೆ ಬರೋವರೆಗೆ ಪ್ರತಿ ಗುರುವಾರ ಹೋಕನ್ ತಮ್ಮ ಬಟ್ಟೆ ತಾವೇ ಒಗೀಬೇಕು. ಕಲಿಸೋಕೆ ಸರದಿ ಪ್ರಕಾರ ಒಬ್ಬೊಬ್ಬರು ಕೆಳಗೆ ಬಂದು ಜೊತೆಗೆ ಕೂರಬೇಕು. ಮಷೀನ್ ತಿರುಗೋವಷ್ಟು ಹೊತ್ತು ಕಾಫಿ, ಆಪಾದಿತರ ಖರ್ಚಲ್ಲಿ."

"ಮೇಲ್ಮನವಿಗೆ ಅವಕಾಶ ಇದೆಯಾ?" ಹೋಕನ್ ಕ್ಷೀಣವಾಗಿ ಕೇಳಿದ.

"ಇಲ್ಲ. ಪರವಾಗಿರೋರು ಕೈ ಎತ್ತಿ!"

ಕೈಗಳ ಕಾಡೇ ಎದ್ದಿತು. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಎತ್ತರಕ್ಕೆ ಎದ್ದದ್ದು ಅನ್ನೆಲಿಯ ಕೈ. ಒಂದಲ್ಲ, ಎರಡೂ!

"ಅಧ್ಯಕ್ಷರೇ, ಆಕ್ಷೇಪ!" ಎಂದು ಹೋಕನ್ ಕೂಗಿದ. "ಒಬ್ಬರಿಗೆ ಎರಡು ಮತ ಇಲ್ಲ!"

"ಒಂದೇ ಮತ ಹಾಕಿರೋದು ಮಹರಾಯ" ಎಂದಳು ಅನ್ನೆಲಿ, ಎರಡನೆಯ ಕೈ ಅಲ್ಲಾಡಿಸುತ್ತ. "ಇದು ಟಾಟಾ!"